ಸ್ಪೆಕ್ಟ್ರಮ್ ವೇಗವೋ, ಬಿಬಿಸಿ ಮೈಕ್ರೋ ವೇಗವೋ: ಎರಡು ಹಳೆಯ ಪಟ್ಟಿಗಳ ಜಗಳ

ಪ್ರಶ್ನೆ: ಎಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿತ್ತು. ನನ್ನ ಚಿಕ್ಕಪ್ಪನ ಮಗನ ಮನೆಯಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್ ಇತ್ತು. ಯಾವುದು ವೇಗ ಅನ್ನೋ ವಾದ ಆಗಲೂ ಮುಗಿಯಲಿಲ್ಲ, ಈಗಲೂ ಮುಗಿದಿಲ್ಲ. ಅವನದು ಒಂದೇ ಮಾತು: ಸ್ಪೆಕ್ಟ್ರಮ್‌ನಲ್ಲಿ 3.5 ಮೆಗಾಹರ್ಟ್ಸ್ ಝೆಡ್80 ಪ್ರೊಸೆಸರ್ ಚಿಪ್ ಇದೆ, ಬಿಬಿಸಿಯಲ್ಲಿ ಬರೀ 2 ಮೆಗಾಹರ್ಟ್ಸ್ 6502 ಚಿಪ್, ಇನ್ನೇನು ಚರ್ಚೆ? ಈಚೆಗೆ ಹಳೆಯ ಪತ್ರಿಕೆಗಳ ಸ್ಕ್ಯಾನ್ ಸಿಕ್ಕಿತು. ಒಂದು ಪಟ್ಟಿಯಲ್ಲಿ, ಬಿಬಿಸಿ 20 ಚಿಲ್ಲರೆ ಸೆಕೆಂಡಿನಲ್ಲಿ ಮುಗಿಸುವ ಕೆಲಸಕ್ಕೆ ಸ್ಪೆಕ್ಟ್ರಮ್ 80ರ ಹತ್ತಿರ ತಗೊಳ್ಳುತ್ತದೆ. ಇನ್ನೊಂದರಲ್ಲಿ ಝೆಡ್80 ಸುಮಾರು 7 ಸೆಕೆಂಡಿಗೆ ಮುಗಿಸಿದ್ದಕ್ಕೆ 6502 ಸುಮಾರು 14 ಸೆಕೆಂಡ್ ತಗೊಂಡಿದೆ. ಯಾವುದನ್ನು ನಂಬಲಿ? ಆಟಗಳು ಮಾತ್ರ ಅವನ ಸ್ಪೆಕ್ಟ್ರಮ್‌ನಲ್ಲಿ ಚುರುಕಾಗಿಯೇ ಓಡುತ್ತಿದ್ದವು, ಅದನ್ನು ನಾನೂ ಒಪ್ಪಬೇಕು.

ಉತ್ತರ: ಎರಡೂ ಪಟ್ಟಿ ಸರಿ. ಆದರೆ ಅವು ಅಳೆದ ವಸ್ತು ಒಂದೇ ಅಲ್ಲ. ಮೊದಲನೆಯದು ಅಳೆದದ್ದು ಕಂಪ್ಯೂಟರಿನ ಜೊತೆ ಬಂದ ಬೇಸಿಕ್ ಭಾಷೆಯನ್ನು. ಎರಡನೆಯದು ಅಳೆದದ್ದು ಚಿಪ್ಪನ್ನು. ನಿಮ್ಮ ಚಿಕ್ಕಪ್ಪನ ಮಗ ಹೇಳುತ್ತಿರುವುದು ಮೂರನೆಯದು, ಬರೀ ಕ್ಲಾಕಿನ ಲೆಕ್ಕ, ಅಂದರೆ ಚಿಪ್ಪಿನ ಒಳಗಡಿಯಾರ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವುದು (1 ಮೆಗಾಹರ್ಟ್ಸ್ ಅಂದರೆ ಹತ್ತು ಲಕ್ಷ ಸಲ). ಮೂರರಲ್ಲಿ ಅದೇ ತೀರಾ ಬಡವಾದ ಅಳತೆ.

ಮೊದಲು ಎರಡನೇ ಪಟ್ಟಿಯ ಸಿಕ್ಕು ಬಿಡಿಸೋಣ, ಅದು ಬೇಗ ಮುಗಿಯುತ್ತದೆ. ನೀವು ಕೊಟ್ಟ ಅಂಕಿ ನೋಡಿದರೆ ಅದು ಅಮೆರಿಕದ ಬೈಟ್ ಪತ್ರಿಕೆಯ ಸೀವ್ ಪರೀಕ್ಷೆ. ಅಲ್ಲಿ ಅಸೆಂಬ್ಲಿಯಲ್ಲಿ, ಅಂದರೆ ಚಿಪ್ಪಿನ ಸ್ವಂತ ಇನ್‌ಸ್ಟ್ರಕ್ಷನ್‌ಗಳಲ್ಲೇ ಬರೆದ ಪ್ರೋಗ್ರಾಮಿಗೆ ಝೆಡ್80 ತಗೊಂಡಿದ್ದು 6.8 ಸೆಕೆಂಡ್, 6502 ತಗೊಂಡಿದ್ದು 13.9. ಅಂಕಿಯ ಪಕ್ಕದಲ್ಲಿ ಕ್ಲಾಕ್ ಎಷ್ಟಿದೆ ಅಂತಲೂ ನೋಡಬೇಕು. ಆ ಝೆಡ್80 ಓಡಿದ್ದು 4 ಮೆಗಾಹರ್ಟ್ಸ್‌ನಲ್ಲಿ, 6502 ಓಡಿದ್ದು 1 ಮೆಗಾಹರ್ಟ್ಸ್‌ನಲ್ಲಿ. ನಿಮ್ಮ ಬಿಬಿಸಿಯಲ್ಲಿ 6502 ಎರಡು ಪಟ್ಟು ಜೋರಾಗಿ ಓಡುತ್ತದೆ. ಹಾಗಾಗಿ 13.9ರ ಅರ್ಧ, ಸುಮಾರು 7 ಸೆಕೆಂಡ್. ಸ್ಪೆಕ್ಟ್ರಮ್‌ನ ಝೆಡ್80 ಓಡುವುದು 4ರಲ್ಲಿ ಅಲ್ಲ, 3.5ರಲ್ಲಿ. ಅಲ್ಲಿ 6.8 ಇದ್ದದ್ದು 7.8ರ ಹತ್ತಿರ ಹೋಗುತ್ತದೆ. ಅಂದರೆ ನಿಮ್ಮಿಬ್ಬರ ಚಿಪ್ಪುಗಳು ಹೆಚ್ಚುಕಡಿಮೆ ಸರಿಸಮ. ಬಿಬಿಸಿ ಒಂದು ಕೂದಲೆಳೆ ಮುಂದೆ ಅನ್ನಬಹುದು, ಅಷ್ಟೇ.

ಹಾಗಾದರೆ ಮೊದಲ ಪಟ್ಟಿಯ ನಾಲ್ಕು ಪಟ್ಟು ಅಂತರ ಎಲ್ಲಿಂದ ಬಂತು? ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು. ಅದಕ್ಕೆ ಮುಂಚೆ ಕ್ಲಾಕಿನ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ವಾದ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಇಂಟೆಲ್‌ನ 8085 ಚಿಪ್ಪಿನ ಕಿಟ್ ಮುಂದೆ ಕೂತವರಿಗೆಲ್ಲ ಟಿ-ಸ್ಟೇಟ್ ಅಂದರೆ ಗೊತ್ತು: ಕ್ಲಾಕಿನ ಒಂದು ಮಿಡಿತ. ಡಿಲೇ ಪ್ರೋಗ್ರಾಮ್ ಬರೆಯುವಾಗ ಯಾವ ಇನ್‌ಸ್ಟ್ರಕ್ಷನ್‌ಗೆ ಎಷ್ಟು ಟಿ-ಸ್ಟೇಟ್ ಅಂತ ಕೂಡಿಸಿ ಕೂಡಿಸಿ ಸಾಕಾಗಿರುತ್ತದೆ. ಝೆಡ್80 ಅದೇ ಮನೆತನದ್ದು. ಇಂಟೆಲ್‌ನಲ್ಲಿ 8080 ಮಾಡಿದ ಫೆಡೆರಿಕೊ ಫಾಜಿನ್ ಮತ್ತು ಮಸಾತೋಶಿ ಶಿಮಾ ಅಲ್ಲಿಂದ ಹೊರಬಂದು ಝೈಲಾಗ್‌ನಲ್ಲಿ ಮಾಡಿದ ಚಿಪ್ ಅದು, 1976ರದು. ಅದರಲ್ಲಿ ಒಂದು ಇನ್‌ಸ್ಟ್ರಕ್ಷನ್ ಮೆಮೊರಿಯಿಂದ ಎತ್ತಿಕೊಳ್ಳುವುದಕ್ಕೇ ನಾಲ್ಕು ಟಿ-ಸ್ಟೇಟ್ ಬೇಕು. ಮೊದಲ ಎರಡರಲ್ಲಿ ಇನ್‌ಸ್ಟ್ರಕ್ಷನ್ ಓದುತ್ತದೆ, ಉಳಿದ ಎರಡರಲ್ಲಿ ಡೈನಮಿಕ್ ಮೆಮೊರಿಯನ್ನು ರಿಫ್ರೆಶ್ ಮಾಡುತ್ತದೆ. ಸುಮ್ನೆ ಒಂದು ಬೈಟ್ ಓದಲು ಮೂರು ಟಿ-ಸ್ಟೇಟ್. ಇನ್ನೊಂದು ಸ್ವಾರಸ್ಯ: 8 ಬಿಟ್ ಚಿಪ್ ಅಂತ ಹೆಸರಿದ್ದರೂ ಅದರ ಒಳಗಿನ ಕೂಡಿಸುವ ಯಂತ್ರ ಬರೀ 4 ಬಿಟ್‌ನದು. ಒಂದು ಬೈಟನ್ನು ಎರಡು ಸಲ ಅರ್ಧರ್ಧ ಕೂಡಿಸುತ್ತದೆ.

ಮೋಸ್ ಟೆಕ್ನಾಲಜಿಯ 6502 ಬಂದಿದ್ದು 1975ರಲ್ಲಿ, 25 ಡಾಲರ್ ಬೆಲೆಗೆ. ಅದು ಪ್ರತಿ ಕ್ಲಾಕಿಗೂ ಒಂದು ಸಲ ಮೆಮೊರಿ ಮುಟ್ಟುತ್ತದೆ. ಕೆಲಸವಿಲ್ಲದ ಕ್ಲಾಕಿನಲ್ಲೂ ಏನೋ ಒಂದನ್ನು ಓದಿ ಬಿಸಾಡುತ್ತದೆ! ಅದರ ಇನ್‌ಸ್ಟ್ರಕ್ಷನ್‌ಗಳು ಮುಗಿಯುವುದು 2ರಿಂದ 7 ಕ್ಲಾಕಿನಲ್ಲಿ. ಝೆಡ್80ಯಲ್ಲಿ ತೀರಾ ಚಿಕ್ಕದೇ 4, ದೊಡ್ಡವು 20 ದಾಟುತ್ತವೆ. ನಡೆದ ದೂರ ತಿಳಿಯಬೇಕಾದರೆ ಹೆಜ್ಜೆ ಎಣಿಸಿದರೆ ಸಾಲದು, ಹೆಜ್ಜೆ ಎಷ್ಟುದ್ದ ಅಂತಲೂ ನೋಡಬೇಕು ಅಲ್ವಾ? ಸೀವ್ ಅಂಕಿಗಳನ್ನೇ ಭಾಗಿಸಿ ನೋಡಿ: 1 ಮೆಗಾಹರ್ಟ್ಸ್‌ನ 6502 ಸುಮಾರು 2 ಮೆಗಾಹರ್ಟ್ಸ್‌ನ ಝೆಡ್80ಗೆ ಸಮ.

ಆ ಕಾಲದಲ್ಲಿ ಯಂತ್ರದ ವೇಗಕ್ಕೆ ಕಡಿವಾಣ ಹಾಕುತ್ತಿದ್ದದ್ದು ಬಹಳ ಮಟ್ಟಿಗೆ ಮೆಮೊರಿ ಚಿಪ್ಪುಗಳು. ಹಾಗಾಗಿ ಮೆಗಾಹರ್ಟ್ಸ್ ಬಿಟ್ಟು, ಸೆಕೆಂಡಿಗೆ ಎಷ್ಟು ಸಲ ಮೆಮೊರಿ ಮುಟ್ಟಬಹುದು ಅಂತ ನೋಡುವುದೇ ನನಗೆ ಹೆಚ್ಚು ನ್ಯಾಯ ಅನ್ನಿಸುತ್ತದೆ. ಏಕಾರ್ನ್ ಕಂಪನಿ ಬಿಬಿಸಿ ಮೈಕ್ರೋದಲ್ಲಿ ಖರ್ಚು ಮಾಡಿದ್ದೇ ಅಲ್ಲಿ. ಅದರ ಮೆಮೊರಿ ಸೆಕೆಂಡಿಗೆ 40 ಲಕ್ಷ ಸಲ ಓಡುತ್ತದೆ: 20 ಲಕ್ಷ ಪ್ರೊಸೆಸರಿಗೆ, 20 ಲಕ್ಷ ಪರದೆಗೆ, ಸರದಿಯಂತೆ. ಯಾರೂ ಯಾರಿಗೂ ಕಾಯುವುದಿಲ್ಲ. ಸಿಂಕ್ಲೇರ್ ಹೊರಟಿದ್ದು ಅಗ್ಗದ ಯಂತ್ರ ಮಾಡಲು. ಅಲ್ಲಿ ಕಾಯಬೇಕು. ಆ ವಿಷಯ ಆಮೇಲೆ ಬರುತ್ತದೆ.

ಈಗ ಒಂದೆರಡು ನಿಜವಾದ ಕೆಲಸ ಕೊಟ್ಟು ನೋಡೋಣ. ಟಿ-ಸ್ಟೇಟ್ ಲೆಕ್ಕ ಬೇಡದವರು ಎರಡು ಪ್ಯಾರಾ ಹಾರಿಸಿ ಓದಬಹುದು.

ಮೆಮೊರಿಯಲ್ಲಿರುವ ಎರಡು 16 ಬಿಟ್ ಸಂಖ್ಯೆಗಳನ್ನು ಕೂಡಿಸಿ ಮೆಮೊರಿಯಲ್ಲೇ ಇಡಬೇಕು. 6502ಗೆ 16 ಬಿಟ್ ಕೂಡಿಸಲು ಬರುವುದಿಲ್ಲ. ಕೆಳಗಿನ ಬೈಟ್ ಒಮ್ಮೆ, ಮೇಲಿನ ಬೈಟ್ ಇನ್ನೊಮ್ಮೆ ಕೂಡಿಸಬೇಕು. ಏಳು ಇನ್‌ಸ್ಟ್ರಕ್ಷನ್ ಆಗುತ್ತದೆ. ಸಂಖ್ಯೆಗಳು ಝೀರೋ ಪೇಜಿನಲ್ಲಿದ್ದರೆ, ಅಂದರೆ ಮೆಮೊರಿಯ ಮೊದಲ 256 ಬೈಟಿನಲ್ಲಿದ್ದರೆ, ಒಟ್ಟು 20 ಕ್ಲಾಕ್. ಬಿಬಿಸಿಯಲ್ಲಿ 10 ಮೈಕ್ರೋಸೆಕೆಂಡ್. ಝೆಡ್80ಯಲ್ಲಿ ನಾಲ್ಕೇ ಇನ್‌ಸ್ಟ್ರಕ್ಷನ್: ಎರಡು ಸಲ ತಂದುಕೋ, ಕೂಡಿಸು, ಇಡು. ನೋಡಲು ಎಷ್ಟು ಚೆನ್ನ! ಆದರೆ ಟಿ-ಸ್ಟೇಟ್ ಕೂಡಿಸಿದರೆ 16, 20, 11, 16, ಒಟ್ಟು 63. ಸ್ಪೆಕ್ಟ್ರಮ್‌ನಲ್ಲಿ 18 ಮೈಕ್ರೋಸೆಕೆಂಡ್. 6502 ಗೆದ್ದಿತು. ಹಾಗಂತ ಕೂತು ಚಪ್ಪಾಳೆ ತಟ್ಟಬೇಡಿ. ಸಂಖ್ಯೆಗಳು ಆಗಲೇ ರಿಜಿಸ್ಟರಿನಲ್ಲಿ, ಅಂದರೆ ಚಿಪ್ಪಿನ ಒಳಗಿನ ಪುಟ್ಟ ಖಾನೆಗಳಲ್ಲಿ ಇದ್ದರೆ ಝೆಡ್80ಗೆ ಬೇಕಾದ್ದು ಆ 11 ಮಾತ್ರ, 3 ಮೈಕ್ರೋಸೆಕೆಂಡ್ ಚಿಲ್ಲರೆ. 6502ಗೆ ಆ ಅನುಕೂಲವೇ ಇಲ್ಲ. ಅದರ ಹತ್ತಿರ ಲೆಕ್ಕಕ್ಕೆ ಇರುವುದು ಒಂದೇ 8 ಬಿಟ್ ರಿಜಿಸ್ಟರ್, ಎಣಿಕೆಗೆ ಇನ್ನೆರಡು. ಅಂದರೆ ಇದೊಂದೇ ಕೆಲಸದಲ್ಲಿ, ಪ್ರೋಗ್ರಾಮ್ ಬರೆದವನು ಸಂಖ್ಯೆಯನ್ನು ಎಲ್ಲಿಟ್ಟ ಅನ್ನುವುದರ ಮೇಲೆ ಫಲಿತಾಂಶ ಪೂರ್ತಿ ತಿರುಗಿಬೀಳುತ್ತದೆ.

ಇನ್ನೊಂದು ಕೆಲಸ, ಬೈಟುಗಳ ನಕಲು. ಝೆಡ್80ಯಲ್ಲಿ ಎಲ್‌ಡಿಐಆರ್ ಅನ್ನೋ ಒಂದೇ ಇನ್‌ಸ್ಟ್ರಕ್ಷನ್ ಇಡೀ ಸಾಲನ್ನು ನಕಲು ಮಾಡುತ್ತದೆ, ಬೈಟಿಗೆ 21 ಟಿ-ಸ್ಟೇಟ್. ಸ್ಪೆಕ್ಟ್ರಮ್‌ನಲ್ಲಿ ಬೈಟಿಗೆ 6 ಮೈಕ್ರೋಸೆಕೆಂಡ್. 6502ಯಲ್ಲಿ ಚಿಕ್ಕ ಲೂಪ್ ಬರೆಯಬೇಕು: ಓದು, ಬರೆ, ಎಣಿಸು, ತಿರುಗು. ಅದು 14 ಕ್ಲಾಕ್. ಬಿಬಿಸಿಯಲ್ಲಿ 7 ಮೈಕ್ರೋಸೆಕೆಂಡ್, 1 ಮೆಗಾಹರ್ಟ್ಸ್‌ನ ಆಪಲ್ 2ರಲ್ಲಿ 14. ನಮ್ಮ ಲ್ಯಾಬಿನ 8085 ಕಿಟ್‌ಗೆ ಎಲ್‌ಡಿಐಆರ್ ಇಲ್ಲ. ಅಲ್ಲಿ ಎಲ್ಲರೂ ಬರೆಯುವ ಬ್ಲಾಕ್ ಟ್ರಾನ್ಸ್‌ಫರ್ ಲೂಪಿಗೆ ಬೈಟಿಗೆ 40 ಟಿ-ಸ್ಟೇಟ್ ಬೀಳುತ್ತದೆ. 3 ಮೆಗಾಹರ್ಟ್ಸ್ ಆಸುಪಾಸಿನ ಕಿಟ್‌ನಲ್ಲಿ ಅದು 13 ಮೈಕ್ರೋಸೆಕೆಂಡ್. 3 ಮೆಗಾಹರ್ಟ್ಸ್‌ನ 8085, 1 ಮೆಗಾಹರ್ಟ್ಸ್‌ನ 6502, ಹತ್ತಿರ ಹತ್ತಿರ ಒಂದೇ ಸಮಯ. ನಿಮ್ಮ ಚಿಕ್ಕಪ್ಪನ ಮಗನಿಗೆ ಈ ಒಂದು ಉದಾಹರಣೆ ಸಾಕು.

ಇಷ್ಟು ಚಿಪ್ಪಿನ ಮಾತು. ಇನ್ನು ನಾಲ್ಕು ಪಟ್ಟಿನ ಗುಟ್ಟು.

ನಿಮ್ಮ ಮೊದಲ ಪಟ್ಟಿ ಹುಟ್ಟಿದ್ದು 1977ರಲ್ಲಿ. ಟಾಮ್ ರಗ್ ಮತ್ತು ಫಿಲ್ ಫೆಲ್ಡ್‌ಮನ್ ಅನ್ನೋ ಇಬ್ಬರು ಅಮೆರಿಕದ ಕಿಲೋಬಾಡ್ ಪತ್ರಿಕೆಯಲ್ಲಿ ಏಳು ಪುಟಾಣಿ ಬೇಸಿಕ್ ಪ್ರೋಗ್ರಾಮ್ ಕೊಟ್ಟರು. ಬ್ರಿಟನ್ನಿನ ಪರ್ಸನಲ್ ಕಂಪ್ಯೂಟರ್ ವರ್ಲ್ಡ್ ಪತ್ರಿಕೆ ಅದಕ್ಕೆ ಎಂಟನೆಯದನ್ನು ಸೇರಿಸಿತು. ಬಿಎಂ1ರಿಂದ ಬಿಎಂ8ರವರೆಗೆ ಹೆಸರು. ಹೊಸ ಯಂತ್ರದ ವಿಮರ್ಶೆ ಬಂದಾಗಲೆಲ್ಲ ಈ ಎಂಟು ಅಂಕಿ ಕಡ್ಡಾಯ ಅನ್ನುವಂತಾಯಿತು. ಬಿಎಂ1 ಅಂದರೆ ಏನೂ ಮಾಡದೆ ಸಾವಿರ ಸಲ ಸುತ್ತುವ ಲೂಪ್. ಅಲ್ಲಿಂದ ಒಂದೊಂದೇ ಮೆಟ್ಟಿಲು ಏರುತ್ತದೆ: ಎಣಿಕೆ, ಗುಣಾಕಾರ ಭಾಗಾಕಾರ, ಸಬ್‌ರೂಟೀನ್, ಒಳಗೊಂದು ಲೂಪ್. ನೀವು ನೋಡಿದ 20 ಮತ್ತು 80 ಬಿಎಂ7ರ ಅಂಕಿಗಳು. ಅದರಲ್ಲಿ ಇದೆಲ್ಲದರ ಜೊತೆ ಒಂದು ಅರೇಗೆ, ಅಂದರೆ ಸಂಖ್ಯೆಗಳ ಸಾಲಿಗೆ, ಬೆಲೆ ತುಂಬುವುದೂ ಇದೆ.

ಗಮನಿಸಿ, ಎಲ್ಲ ಬೇಸಿಕ್‌ನಲ್ಲೇ. ಬೇಸಿಕ್ ಇಂಟರ್‌ಪ್ರಿಟರ್ ಅಂದರೆ ನಿಮ್ಮ ಸಾಲನ್ನು ಪ್ರತಿ ಸಲ ಓದಿ, ಅರ್ಥ ಮಾಡಿಕೊಂಡು, ಆಮೇಲೆ ಮಾಡುವ ಇನ್ನೊಂದು ಪ್ರೋಗ್ರಾಮ್. ಸಮಯವೆಲ್ಲ ತಿನ್ನುವುದು ಅದು. ಎಷ್ಟು ತಿನ್ನುತ್ತದೆ ಅಂತ ತಿಳಿಯಲು ಮತ್ತೆ ಸೀವ್ ಪಟ್ಟಿಗೇ ಹೋಗೋಣ. ಸ್ಯಾನ್ ಡಿಯೇಗೋದ ನೌಕಾಪಡೆಯ ಸಂಶೋಧನಾ ಕೇಂದ್ರದಲ್ಲಿದ್ದ ಜಿಮ್ ಗಿಲ್‌ಬ್ರೆತ್ 1981ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಅದನ್ನು ಕೊಟ್ಟದ್ದೇ ಭಾಷೆಗಳನ್ನು ಹೋಲಿಸಲು. ಅವಿಭಾಜ್ಯ ಸಂಖ್ಯೆಗಳನ್ನು ಜರಡಿ ಹಿಡಿಯುವ ಹಳೆಯ ಗ್ರೀಕ್ ವಿಧಾನ ಅದು. ಹತ್ತು ಸಲ ಓಡಿಸಬೇಕು, ಕೊನೆಗೆ 1899 ಅಂತ ಉತ್ತರ ಬರಬೇಕು. ಆಪಲ್ 2ರಲ್ಲಿ ಅಸೆಂಬ್ಲಿಗೆ 14 ಸೆಕೆಂಡ್. ಅದೇ ಯಂತ್ರದಲ್ಲಿ ಆಪಲ್‌ಸಾಫ್ಟ್ ಬೇಸಿಕ್‌ಗೆ ಮುಕ್ಕಾಲು ಗಂಟೆಗಿಂತ ಜಾಸ್ತಿ! ಸ್ಟೀವ್ ವೋಜ್ನಿಯಾಕ್ ಬರೆದ ಇಂಟೀಜರ್ ಬೇಸಿಕ್‌ಗೆ ಅರ್ಧ ಗಂಟೆ, ಯಾಕೆಂದರೆ ಅದು ದಶಾಂಶದ ತಲೆನೋವು ಇಟ್ಟುಕೊಂಡಿಲ್ಲ. ಚಿಪ್ ಒಂದೇ, ಕ್ಲಾಕ್ ಒಂದೇ, ಕೆಲಸ ಒಂದೇ. ಅಂತರ ಇನ್ನೂರು ಪಟ್ಟು. ಇಂಥ ಕಡೆ ಎರಡು ಪಟ್ಟೋ ನಾಲ್ಕು ಪಟ್ಟೋ ಅಂತರ ಕಂಡ ಕೂಡಲೇ ಚಿಪ್ಪನ್ನು ದೂರುವುದು ಆತುರವಾಗುತ್ತದೆ.

ಈಗ ಸ್ಪೆಕ್ಟ್ರಮ್‌ನ ಬೇಸಿಕ್ ಒಳಗೆ ಇಣುಕೋಣ. ನನಗೆ ಬಹಳ ಇಷ್ಟದ ಜಾಗ ಇದು.

ಬಿಎಂ1 ತೆಗೆದುಕೊಳ್ಳಿ, ಆ ಖಾಲಿ ಲೂಪ್. ಅದೇ ಕಾಲದ ಇನ್ನೊಂದು ಮನೆ ಕಂಪ್ಯೂಟರ್ ಕಮೊಡೋರ್ 64ಗೆ ಒಂದು ಸೆಕೆಂಡಿಗಿಂತ ತುಸು ಜಾಸ್ತಿ ಸಾಕು. ಸ್ಪೆಕ್ಟ್ರಮ್‌ಗೆ ನಾಲ್ಕೂವರೆಯ ಆಸುಪಾಸು. ಭಾಗಿಸಿ ನೋಡಿದರೆ ಖಾಲಿ ಲೂಪಿನ ಒಂದೊಂದು ಸುತ್ತಿಗೆ 15 ಸಾವಿರ ಟಿ-ಸ್ಟೇಟ್! ಏನು ಮಾಡುತ್ತಿರುತ್ತದೆ ಅಷ್ಟು ಹೊತ್ತು? ಮೊದಲನೆಯದಾಗಿ, ಸ್ಪೆಕ್ಟ್ರಮ್‌ನ ಲೆಕ್ಕವೆಲ್ಲ ರೋಮ್ (ಬೇಸಿಕ್ ಇರುವ, ಅಳಿಸಲಾಗದ ಮೆಮೊರಿ) ಒಳಗಿರುವ ಒಂದು ಪುಟ್ಟ ಕ್ಯಾಲ್ಕ್ಯುಲೇಟರ್ ಮೂಲಕ ನಡೆಯುತ್ತದೆ. ಅದಕ್ಕೆ ಅದರದೇ ಸಂಕೇತ ಭಾಷೆ ಇದೆ. ಅಂದರೆ ಇಂಟರ್‌ಪ್ರಿಟರಿನ ಒಳಗೆ ಇನ್ನೊಂದು ಇಂಟರ್‌ಪ್ರಿಟರ್. ಪ್ರತಿ ಸಂಖ್ಯೆಗೂ 5 ಬೈಟ್, ಅದನ್ನು ಸ್ಟ್ಯಾಕಿಗೆ, ಅಂದರೆ ಒಂದರ ಮೇಲೊಂದು ಪೇರಿಸಿಡುವ ಮೆಮೊರಿ ಜಾಗಕ್ಕೆ, ಏರಿಸು, ಇಳಿಸು. ಚಿಕ್ಕ ಪೂರ್ಣಾಂಕಗಳಿಗೆ ಒಂದು ಒಳದಾರಿ ಇದೆ, ನಿಜ. ಆದರೂ ಆ ಏರಿಸಿ ಇಳಿಸುವ ಓಡಾಟ ತಪ್ಪುವುದಿಲ್ಲ. ಎರಡನೆಯದು ಇನ್ನೂ ತಮಾಷೆ. ಲೂಪಿನ ಕೊನೆಯ ನೆಕ್ಸ್ಟ್ ಬಂದಾಗ ಎಲ್ಲಿಗೆ ಹಿಂದಿರುಗಬೇಕು ಅಂತ ಗೊತ್ತಿರಬೇಕಲ್ಲ? ಕಮೊಡೋರ್ 64, ಆಪಲ್‌ಸಾಫ್ಟ್ ಎರಡರಲ್ಲೂ ಇರುವ ಮೈಕ್ರೋಸಾಫ್ಟ್ ಬೇಸಿಕ್ ಮೆಮೊರಿ ವಿಳಾಸವನ್ನೇ ನೆನಪಿಡುತ್ತದೆ. ಸ್ಪೆಕ್ಟ್ರಮ್ ನೆನಪಿಡುವುದು ಸಾಲಿನ ನಂಬರ್ ಮಾತ್ರ. ಹಾಗಾಗಿ ಪ್ರತಿ ಸುತ್ತಿಗೂ ಪ್ರೋಗ್ರಾಮಿನ ಮೊದಲಿನಿಂದ ಆ ಸಾಲನ್ನು ಹುಡುಕಿಕೊಂಡು ಬರುತ್ತದೆ. ಒಂದೇ ಲೂಪನ್ನು ದೊಡ್ಡ ಪ್ರೋಗ್ರಾಮಿನ ಕೊನೆಯಲ್ಲಿ ಬರೆದರೆ ನಿಧಾನ, ಮೊದಲಲ್ಲಿ ಬರೆದರೆ ಬೇಗ. ಇದು ಗೊತ್ತಿದ್ದ ಹುಡುಗರು ಮುಖ್ಯ ಲೂಪನ್ನು ಮೇಲಿನ ಸಾಲುಗಳಲ್ಲೇ ಇಡುತ್ತಿದ್ದರು.

ಈ ಬೇಸಿಕ್ ಹೀಗಾಗಲು ಕಾರಣವಿದೆ. ಸಿಂಕ್ಲೇರ್‌ನ ಹಿಂದಿನ ಯಂತ್ರಗಳನ್ನು ನೋಡಿ: ಝೆಡ್‌ಎಕ್ಸ್80ಯಲ್ಲಿ ಇದ್ದದ್ದು 4 ಕಿಲೋಬೈಟ್ ರೋಮ್, ಝೆಡ್‌ಎಕ್ಸ್81ರಲ್ಲಿ 8, ಸ್ಪೆಕ್ಟ್ರಮ್‌ನಲ್ಲಿ 16. ಸ್ಪೆಕ್ಟ್ರಮ್‌ನ ಬೇಸಿಕ್ ಆ 8 ಕಿಲೋಬೈಟಿನದರ ಮೇಲೇ ಕಟ್ಟಿದ್ದು. ಅಷ್ಟು ಚಿಕ್ಕ ಜಾಗದಲ್ಲಿ ಸೈನ್, ಲಾಗ್ ಎಲ್ಲ ತುರುಕಬೇಕಾದರೆ ಒಂದೇ ದಾರಿ: ಸಂಕೇತ ಭಾಷೆಯಲ್ಲಿ ಬರೆದು ಜಾಗ ಉಳಿಸು, ವೇಗ ಬಿಟ್ಟುಕೊಡು. ವರ್ಗಮೂಲಕ್ಕೂ ಪ್ರತ್ಯೇಕ ವಿಧಾನ ಇಟ್ಟಿಲ್ಲ. ಅರ್ಧ ಘಾತ ಅಂತ ತಿಳಿದು ಲಾಗ್, ಎಕ್ಸ್‌ಪೊನೆನ್ಷಿಯಲ್ ಸುತ್ತಿಕೊಂಡು ಬರುತ್ತದೆ. ಜಾಣತನದ ಜಿಪುಣತನ ಅದು, ನನಗೆ ಅದರ ಮೇಲೆ ಗೌರವವೇ ಇದೆ. ಬಿಬಿಸಿಯಲ್ಲಿ ಬೇಸಿಕ್‌ಗೇ 16 ಕಿಲೋಬೈಟ್ ಬೇರೆ, ಆಪರೇಟಿಂಗ್ ಸಿಸ್ಟಮ್‌ಗೆ 16 ಬೇರೆ. ಬರೆದವರು ಸೋಫಿ ವಿಲ್ಸನ್, ಮುಂದೆ ಎಆರ್‌ಎಂ ಪ್ರೊಸೆಸರಿನ ಇನ್‌ಸ್ಟ್ರಕ್ಷನ್‌ಗಳನ್ನು ರೂಪಿಸಿದವರು. ಅವರು ವೇಗಕ್ಕೇ ಬರೆದರು.

ಹಾಗಂತ ಸ್ಪೆಕ್ಟ್ರಮ್ ಬೇಸಿಕ್ ಎಲ್ಲದರಲ್ಲೂ ದಡ್ಡ ಅಲ್ಲ. ಬಿಎಂ3 ಮತ್ತು ಬಿಎಂ4 ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ಥರದ ಲೆಕ್ಕ. ಬಿಎಂ3ರಲ್ಲಿ ವೇರಿಯಬಲ್‌ಗಳು, ಬಿಎಂ4ರಲ್ಲಿ ಅವುಗಳ ಜಾಗದಲ್ಲಿ 2, 3, 4, 5 ಅಂತ ಅಂಕಿಗಳು. ಕಮೊಡೋರ್ 64ರಲ್ಲೂ ಆಪಲ್‌ಸಾಫ್ಟ್‌ನಲ್ಲೂ ಅಂಕಿಗಳಿರುವ ಬಿಎಂ4 ನಿಧಾನ. ಸ್ಪೆಕ್ಟ್ರಮ್‌ನಲ್ಲಿ ಉಲ್ಟಾ, ಬಿಎಂ4 ತುಸು ಬೇಗ. ಕಾರಣ ಇಷ್ಟೇ. ಮೈಕ್ರೋಸಾಫ್ಟ್ ಬೇಸಿಕ್ ಸಾಲಿನಲ್ಲಿರುವ ಅಂಕಿಯನ್ನು ಅಕ್ಷರವಾಗಿಯೇ ಇಟ್ಟುಕೊಂಡು, ಪ್ರತಿ ಸಲ ಅದನ್ನು ಸಂಖ್ಯೆಯಾಗಿ ಬದಲಿಸುತ್ತದೆ. ಸ್ಪೆಕ್ಟ್ರಮ್ ನೀವು ಸಾಲು ಹೊಡೆದಾಗಲೇ ಬದಲಿಸಿ, 5 ಬೈಟನ್ನು ಅಂಕಿಯ ಪಕ್ಕದಲ್ಲಿ ಕಾಣದಂತೆ ಬಚ್ಚಿಡುತ್ತದೆ. ಮೆಮೊರಿ ಜಾಸ್ತಿ ತಿನ್ನುತ್ತದೆ, ಸಮಯ ಉಳಿಯುತ್ತದೆ. ಹೀಗೆ ಎರಡು ಅಂಕಿಗಳ ವ್ಯತ್ಯಾಸ ಹಿಡಿದು ಯಂತ್ರದ ಒಳಗನ್ನು ಊಹಿಸುವುದರಲ್ಲೇ ಈ ಪಟ್ಟಿಗಳ ನಿಜವಾದ ಮಜಾ ಇರುವುದು. ಯಾರು ಮೊದಲು, ಯಾರು ಕೊನೆ ಅನ್ನುವುದರಲ್ಲಿ ಅಲ್ಲ.

ತಪ್ಪು ಬೇಸಿಕ್‌ನದು, ಚಿಪ್ಪಿನದಲ್ಲ ಅಂತ ಹೇಳುವುದಕ್ಕೆ ಸಾಕ್ಷಿ ಬೇಕಲ್ಲ? ಇದೆ. 1984ರಲ್ಲಿ ಬಂದ ಆಮ್‌ಸ್ಟ್ರಾಡ್ ಸಿಪಿಸಿ464. ಅದರಲ್ಲೂ ಝೆಡ್80. ಕ್ಲಾಕ್ 4 ಮೆಗಾಹರ್ಟ್ಸ್ ಅಂದರೂ, ಪರದೆಯ ಜೊತೆ ಮೆಮೊರಿ ಹಂಚಿಕೊಳ್ಳಬೇಕಾದ್ದರಿಂದ ಪ್ರತಿ ಇನ್‌ಸ್ಟ್ರಕ್ಷನ್‌ನ ಟಿ-ಸ್ಟೇಟ್ ಲೆಕ್ಕ 4, 8, 12 ಹೀಗೆ ನಾಲ್ಕರ ಗುಣಕಕ್ಕೆ ಏರುತ್ತದೆ. ನಿಜವಾದ ವೇಗ 3.3ರ ಹತ್ತಿರ. ಅಂದರೆ ಸ್ಪೆಕ್ಟ್ರಮ್‌ಗೆ ಸಮ, ಅಥವಾ ತುಸು ಕಡಿಮೆ. ಆದರೆ ಅದರಲ್ಲಿದ್ದದ್ದು ಲೋಕೋಮೋಟಿವ್ ಬೇಸಿಕ್. ಬಿಎಂ7 ಮುಗಿಸಲು ಅದಕ್ಕೆ ಬೇಕಾದ್ದು 30 ಸೆಕೆಂಡಿನ ಆಸುಪಾಸು. 80 ಇದ್ದದ್ದು 30 ಆಯಿತು, ಚಿಪ್ ಬದಲಾಗದೆ! ಇನ್ನೊಂದು ಕಡೆ ಕಮೊಡೋರ್ 64 ನೋಡಿ, ಅದರ ಚಿಪ್ ನಿಮ್ಮ ಬಿಬಿಸಿಯ 6502ಗೆ ಖಾಸಾ ಸೋದರ. ಬಿಎಂ7ಗೆ 50ರ ಹತ್ತಿರ ತಗೊಳ್ಳುತ್ತದೆ. ಕ್ಲಾಕ್ ಅರ್ಧ ಇದ್ದದ್ದು ಅದಕ್ಕೆ ಬಹುಪಾಲು ಕಾರಣ, ಉಳಿದದ್ದು ಬೇಸಿಕ್. ಆಮೇಲೆ ರಿಚರ್ಡ್ ರಸೆಲ್ ಅವರು ಬಿಬಿಸಿ ಬೇಸಿಕ್‌ನ ಝೆಡ್80 ಆವೃತ್ತಿಯನ್ನೇ ಬರೆದರು. ಕೇಂಬ್ರಿಜ್ ಝೆಡ್88 ಅನ್ನೋ ಪುಟ್ಟ ಯಂತ್ರದಲ್ಲಿ ಅದೇ ಇರುವುದು.

ವೆಟ್‌ಸ್ಟೋನ್, ಡ್ರೈಸ್ಟೋನ್ ಅಂತ ಬೇರೆ ಪರೀಕ್ಷೆಗಳ ಹೆಸರೂ ನೀವು ಕೇಳಿರಬಹುದು. ವೆಟ್‌ಸ್ಟೋನ್ 1972ರದು, ದಶಾಂಶ ಲೆಕ್ಕಕ್ಕೆ. ಡ್ರೈಸ್ಟೋನ್ 1984ರದು, ಪೂರ್ಣಾಂಕಕ್ಕೆ. ಅವು ದೊಡ್ಡ ಯಂತ್ರಗಳಿಗೆ, ಒಳ್ಳೆಯ ಕಂಪೈಲರ್ ಇದ್ದವರಿಗೆ. ಮನೆಯ 8 ಬಿಟ್ ಪೆಟ್ಟಿಗೆಗಳ ಜಗಳಕ್ಕೆ ಅವನ್ನು ಎಳೆದು ತರುವುದು ಬೇಡ.

ಪರದೆಯ ವಿಷಯ ಆಮೇಲೆ ಅಂದಿದ್ದೆ. ಸ್ಪೆಕ್ಟ್ರಮ್‌ನ ಮೆಮೊರಿಯಲ್ಲಿ ವಿಳಾಸ 16384ರಿಂದ 32767ರವರೆಗಿನ ಭಾಗವನ್ನು ಪ್ರೊಸೆಸರ್ ಮತ್ತು ಪರದೆ ಬಿಡಿಸುವ ಯುಎಲ್‌ಎ ಅನ್ನೋ ಚಿಪ್ ಹಂಚಿಕೊಳ್ಳುತ್ತವೆ. ಪರದೆಯ ಚಿತ್ರ ಬಿಡಿಸುತ್ತಿರುವ ಹೊತ್ತಿಗೆ ಪ್ರೊಸೆಸರ್ ಆ ಭಾಗಕ್ಕೆ ಹೋದರೆ ಯುಎಲ್‌ಎ ಅದರ ಕ್ಲಾಕನ್ನೇ ತಡೆಹಿಡಿಯುತ್ತದೆ. 16 ಕಿಲೋಬೈಟ್ ಮಾದರಿಯಲ್ಲಿ ಇರುವ ರ್ಯಾಮ್ ಅಷ್ಟೇ, ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. 48 ಕಿಲೋಬೈಟಿನದರಲ್ಲಿ ಅಸೆಂಬ್ಲಿ ಪ್ರೋಗ್ರಾಮನ್ನು ಮೇಲಿನ ಮೆಮೊರಿಯಲ್ಲಿಟ್ಟರೆ ಪೂರ್ತಿ ವೇಗ. ಕಮೊಡೋರ್ 64ರಲ್ಲಿ ಚಿತ್ರದ ಚಿಪ್ ಪ್ರತಿ ಎಂಟನೇ ಗೆರೆಗೆ 40 ಕ್ಲಾಕ್ ಕದಿಯುತ್ತದೆ, ಒಟ್ಟಿಗೆ ಶೇಕಡಾ 5ರಷ್ಟು. ಝೆಡ್‌ಎಕ್ಸ್81 ಇನ್ನೂ ವಿಚಿತ್ರ. ಅಲ್ಲಿ ಪರದೆ ಬಿಡಿಸುವುದೂ ಪ್ರೊಸೆಸರೇ. ಸ್ಲೋ ಮೋಡ್‌ನಲ್ಲಿ ನಿಮ್ಮ ಪ್ರೋಗ್ರಾಮಿಗೆ ಸಿಗುವುದು ಕಾಲು ಭಾಗ ಸಮಯ. ಫಾಸ್ಟ್ ಮೋಡ್‌ಗೆ ಹೋದರೆ ನಾಲ್ಕು ಪಟ್ಟು ವೇಗ, ಆದರೆ ಚಿತ್ರ ಮಾಯ! ಆದ್ದರಿಂದ ಝೆಡ್‌ಎಕ್ಸ್81ರ ಅಂಕಿ ಕಂಡರೆ ಯಾವ ಮೋಡ್ ಅಂತ ಮೊದಲು ನೋಡಿ.

ಹಳೆಯ ಪಟ್ಟಿ ಓದುವಾಗ ಇನ್ನೂ ಒಂದೆರಡು ಕಡೆ ಕಾಲು ಜಾರುತ್ತದೆ. ಬಿಎಂ8 ಅನ್ನು ಕೆಲವು ಪಟ್ಟಿಗಳಲ್ಲಿ 100 ಸುತ್ತಿಗೆ ಅಳೆದಿದ್ದಾರೆ, ಕೆಲವಲ್ಲಿ 1000 ಸುತ್ತಿಗೆ. ಒಂದೇ ಯಂತ್ರ ಹತ್ತು ಪಟ್ಟು ನಿಧಾನ ಅಂತ ಕಂಡರೆ ಗಾಬರಿಯಾಗಬೇಡಿ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದ ಅಂಕಿಯಾದರೆ, 1 ಸೆಕೆಂಡಿನ ಬಿಎಂ1ರಲ್ಲಿ ಬೆರಳಿನ ತಡ ಕಾಲು ಸೆಕೆಂಡಾದರೂ ಅದು ಶೇಕಡಾ 25. ನನ್ನ ಮಟ್ಟಿಗೆ ಬಿಎಂ1, ಬಿಎಂ2ರ ದಶಾಂಶಗಳಿಗೆ ಬೆಲೆ ಇಲ್ಲ.

ನೀವೇ ಅಳೆದು ನೋಡಬೇಕಾದರೆ ಈಗ ಸುಲಭ. ಈ ಯಂತ್ರಗಳಿಗೆಲ್ಲ ಕ್ಲಾಕ್ ಲೆಕ್ಕ ತಪ್ಪದ ಎಮ್ಯುಲೇಟರ್‌ಗಳಿವೆ, ಅಂದರೆ ಇಂದಿನ ಕಂಪ್ಯೂಟರಿನಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್‌ಗಳು. ಎಮ್ಯುಲೇಟರಿನ ವೇಗ ಶೇಕಡಾ 100ಕ್ಕೆ ಇಡಿ, ಅಥವಾ ಅದಕ್ಕಿಂತ ಒಳ್ಳೆಯದು, ಒಳಗಿನ ಗಡಿಯಾರವನ್ನೇ ಓದಿ. ಬಿಬಿಸಿಯಲ್ಲಿ ಟೈಮ್ ಅನ್ನೋ ವೇರಿಯಬಲ್ ಸೆಕೆಂಡಿನ ನೂರನೇ ಒಂದು ಭಾಗಗಳನ್ನು ಎಣಿಸುತ್ತದೆ. ಕಮೊಡೋರ್‌ನಲ್ಲಿ ಟಿಐ, ಅರವತ್ತನೇ ಒಂದು ಭಾಗ. ಸ್ಪೆಕ್ಟ್ರಮ್‌ನಲ್ಲಿ 23672ನೇ ವಿಳಾಸದಿಂದ ಮೂರು ಬೈಟ್ ಓದಬೇಕು, ಸೆಕೆಂಡಿಗೆ 50 ಎಣಿಕೆ. ಬೇಸಿಕ್ ಪರೀಕ್ಷೆ ಮಾಡುವಾಗ ಒಂದು ಸಣ್ಣ ಬದಲಾವಣೆಯನ್ನೂ ಮಾಡಿ ನೋಡಿ: ವೇರಿಯಬಲ್ ಹೆಸರಿನ ಕೊನೆಗೆ ಶೇಕಡಾ ಚಿಹ್ನೆ ಹಾಕಿ ಅದನ್ನು ಪೂರ್ಣಾಂಕ ಮಾಡಿ. ಬಿಬಿಸಿಯಲ್ಲಿ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಕಮೊಡೋರ್ 64ರಲ್ಲಿ ಅದೇ ಬದಲಾವಣೆಯಿಂದ ಇನ್ನೂ ನಿಧಾನವಾಗುತ್ತದೆ! ಅಲ್ಲಿ ಬೇಸಿಕ್ ಪೂರ್ಣಾಂಕವನ್ನು ತೆಗೆದು, ದಶಾಂಶ ಸಂಖ್ಯೆಯಾಗಿ ಬದಲಿಸಿ, ಕೂಡಿಸಿ, ಮತ್ತೆ ಪೂರ್ಣಾಂಕ ಮಾಡಿ ಇಡುತ್ತದೆ. ಫಾರ್ ಲೂಪಿಗಂತೂ ಪೂರ್ಣಾಂಕ ವೇರಿಯಬಲ್ ಕೊಟ್ಟರೆ ಒಪ್ಪುವುದೇ ಇಲ್ಲ, ಎರರ್ ಕೊಡುತ್ತದೆ.

ಕೊನೆಯದಾಗಿ ನಿಮ್ಮ ಆಟಗಳ ವಿಷಯ. ಅಲ್ಲಿ ನಿಮ್ಮ ಚಿಕ್ಕಪ್ಪನ ಮಗನ ಕಡೆಗೂ ನ್ಯಾಯ ಇದೆ, ಆದರೆ ಅವರು ಹೇಳುವ ಕಾರಣಕ್ಕಲ್ಲ. ಹೆಸರು ಮಾಡಿದ ಚುರುಕಾದ ಆಟಗಳೆಲ್ಲ ಅಸೆಂಬ್ಲಿಯಲ್ಲಿ ಬರೆದವು, ಬೇಸಿಕ್ ಅಲ್ಲಿ ಲೆಕ್ಕಕ್ಕೇ ಇಲ್ಲ. ಆಗ ಚಿಪ್ಪುಗಳು ಸರಿಸಮ ಅಂತ ಆಗಲೇ ನೋಡಿದೆವು. ಉಳಿಯುವುದು ಎಷ್ಟು ಬೈಟ್ ಹೊರಬೇಕು ಅನ್ನುವುದು. ಸ್ಪೆಕ್ಟ್ರಮ್‌ನ ಇಡೀ ಪರದೆ, ಬಣ್ಣ ಸೇರಿ, 6912 ಬೈಟ್. ಬಣ್ಣಗಳಿಗಾಗಿ ಆಟಗಳು ಬಳಸುತ್ತಿದ್ದ ಬಿಬಿಸಿಯ ಮೋಡ್ 2 ಪರದೆಗೆ 20 ಕಿಲೋಬೈಟ್, ಮೂರು ಪಟ್ಟು. ಎಲ್‌ಡಿಐಆರ್‌ನಿಂದ ಸ್ಪೆಕ್ಟ್ರಮ್ ಪರದೆ ಪೂರ್ತಿ ತುಂಬಲು 41 ಮಿಲಿಸೆಕೆಂಡ್ ಸಾಕು, ಯುಎಲ್‌ಎ ತಡೆಯುವುದನ್ನು ಬಿಟ್ಟು. ಬಿಬಿಸಿಯಲ್ಲಿ ಸಾಮಾನ್ಯ ಲೂಪಿನಿಂದ ಆ 20 ಕಿಲೋಬೈಟ್ ತುಂಬಲು 100 ಮಿಲಿಸೆಕೆಂಡ್ ದಾಟುತ್ತದೆ. ಸ್ಪೆಕ್ಟ್ರಮ್‌ನ ಪಳಗಿದ ಕೈಗಳು ಇನ್ನೂ ಮುಂದೆ ಹೋದವು. ಸ್ಟ್ಯಾಕಿನ ತುದಿ ಎಲ್ಲಿದೆ ಅಂತ ತೋರಿಸುವ ಸ್ಟ್ಯಾಕ್ ಪಾಯಿಂಟರನ್ನು ಪರದೆಯ ಮೆಮೊರಿಯ ಮೇಲೆ ತಂದಿಟ್ಟು, ಪುಷ್ ಇನ್‌ಸ್ಟ್ರಕ್ಷನ್‌ನಿಂದ 11 ಟಿ-ಸ್ಟೇಟಿಗೆ ಎರಡೆರಡು ಬೈಟ್ ಚೆಲ್ಲುತ್ತಿದ್ದರು. ಆಗ ಇಡೀ ಪರದೆ 11 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ತುಂಬುತ್ತದೆ. ಅದರ ಬೆಲೆಯೂ ಪರದೆಯ ಮೇಲೇ ಕಾಣುತ್ತಿತ್ತು: 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಒಂದು ಚೌಕಕ್ಕೆ ಎರಡೇ ಬಣ್ಣ, ಎರಡು ಗೊಂಬೆ ಒಂದರ ಮೇಲೊಂದು ಬಂದರೆ ಬಣ್ಣ ಕಲೆಸಿಹೋಗುತ್ತಿತ್ತು. ಬಿಬಿಸಿಯಲ್ಲಿ ಆ ತೊಂದರೆ ಇರಲಿಲ್ಲ. ಜೊತೆಗೆ ಅದರ ಪರದೆ ನೋಡಿಕೊಳ್ಳುವ 6845 ಚಿಪ್ ಪರದೆಯ ಆರಂಭದ ವಿಳಾಸ ಬದಲಿಸಿ, ಒಂದು ಬೈಟನ್ನೂ ಹೊರದೆ ಇಡೀ ಚಿತ್ರವನ್ನು ಸರಿಸುತ್ತಿತ್ತು. ಉರುಳುವ ಪರದೆಯ ಆಟ ಯಾವುದಾದರೂ ನಿಮ್ಮ ಶಾಲೆಯ ಬಿಬಿಸಿಯಲ್ಲಿ ಇದ್ದಿದ್ದರೆ, ಅದನ್ನು ನೆನಪಿಸಿಕೊಂಡು ಅವರ ಮುಂದೆ ಹೇಳಿ. ಆ ಒಂದು ಜಾಗದಲ್ಲಿ ಸ್ಪೆಕ್ಟ್ರಮ್ ಬೈಟ್ ಹೊತ್ತೇ ಸರಿಸಬೇಕಿತ್ತು.